ಬ್ರೇಕ್ ಮೇಷ್ಟ್ರು ಕೇಳಿದ ಪ್ರಶ್ನೆ

ಬ್ರೇಕ್ ಮೇಷ್ಟ್ರಿಗೆ ಆ ಹೆಸರು ಇಟ್ಟವರು ಅವರ ಹತ್ತಿರ ಕಾರು ಕಲಿತವರೇ. ಪ್ರೀತಿಯಿಂದ ಇಟ್ಟದ್ದಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕ್ ಇದ್ದರೆ, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಇರುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಅಪಾಯ ಬಂದಾಗ ಒತ್ತುತ್ತಾರೆ. ಇವರು ಸಿಟ್ಟು ಬಂದಾಗ ಒತ್ತುತ್ತಿದ್ದರು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದ ಮನುಷ್ಯನಾದ್ದರಿಂದ ಅವರ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗೇರ್ ತಪ್ಪಿದರೆ ಗಕ್ಕನೆ ಬ್ರೇಕ್, ಕನ್ನಡಿ ನೋಡದಿದ್ದರೆ ಗಕ್ಕನೆ ಬ್ರೇಕ್, ಬೈಸಿಕೊಂಡವರು ಎದುರುತ್ತರ ಕೊಟ್ಟರಂತೂ ನಡುರಸ್ತೆಯಲ್ಲೇ ಬ್ರೇಕ್. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದರೆ ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನ ಜನ್ಮ ಜಾಲಾಡಿ ಒಳಗೆ ಬರುತ್ತಿದ್ದರು.

ಆದರೂ ಜನ ಅವರ ಹತ್ತಿರವೇ ಬರುತ್ತಿದ್ದರು. ಇವರ ಕೈಯಲ್ಲಿ ಬೈಸಿಕೊಂಡು ಕಲಿತವರು ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗುವುದಿಲ್ಲ ಎಂಬ ಮಾತಿತ್ತು, ಅದು ಅಷ್ಟೇನೂ ಸುಳ್ಳಲ್ಲ. ಟೈರ್ ಅಂಗಡಿಗೂ ಫೋಟೊ ಸ್ಟುಡಿಯೋಗೂ ನಡುವೆ ಒಂದೇ ಕೋಣೆಯ ಆಫೀಸು. ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಪಟ, ಮೂಲೆಯಲ್ಲಿ ಬಿಚ್ಚಿಟ್ಟ ಹಳೆಯ ಗೇರ್ ಬಾಕ್ಸು, ಕಾಯುವವರಿಗೆ ಒಂದು ಕುಂಟು ಬೆಂಚು. ಟೈರ್ ಅಂಗಡಿಯವನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು, ಸ್ಟುಡಿಯೋದವನ ಜೊತೆ ಮಾತಿತ್ತು, ಆದರೆ ಬರೀ ಜಗಳದ್ದು.

ಮೇಷ್ಟ್ರಿಗೆ ಒಂದು ನಿಯಮವಿತ್ತು. ಅದನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಗುದ್ದಿಸಿಕೊಂಡು ಕಲಿತದ್ದು. ಹೊಸಬರಿಗೆ ಎದುರಿಗಿರುವ ಅಪಾಯದ ಹೆಸರು ಹೇಳಕೂಡದು. "ಕಂಬ ಇದೆ, ಗುದ್ದಬೇಡಿ" ಅಂದ ತಕ್ಷಣ ಅವರ ಕಣ್ಣು ಕಂಬಕ್ಕೆ ಅಂಟಿಕೊಳ್ಳುತ್ತದೆ, ಕೈ ಕಣ್ಣಿನ ಹಿಂದೆ ಹೋಗುತ್ತದೆ, ಚಕ್ರ ಕೈಯ ಹಿಂದೆ ಹೋಗುತ್ತದೆ. ಇಡೀ ರಸ್ತೆ ಖಾಲಿ ಬಿದ್ದಿದ್ದರೂ ಕಾರು ಆ ಒಂದು ಕಂಬವನ್ನೇ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಅವರ ಕಾರಿನಲ್ಲಿ ಕಂಬ, ಗುಂಡಿ, ಚರಂಡಿ, ಲಾರಿ ಎಂಬ ಮಾತುಗಳು ನಿಷಿದ್ಧ. "ಸ್ವಲ್ಪ ಎಡಕ್ಕೆ ಬನ್ನಿ", "ಸ್ವಲ್ಪ ಬಲಕ್ಕೆ ಹಿಡೀರಿ", ಇಷ್ಟೇ. ಕಲಿಯುವವರೇ ಬಾಯ್ತಪ್ಪಿ "ಅಯ್ಯೋ ಗುಂಡಿ" ಅಂದರೆ ಅದಕ್ಕೂ ಒಂದು ಬ್ರೇಕ್, ಅದಕ್ಕೂ ಒಂದಷ್ಟು ಬೈಗುಳ.

ಕಾರಿನ ಮಟ್ಟಿಗೆ ಇದು ಬಂಗಾರದಂಥ ನಿಯಮ. ಆದರೆ ಮನುಷ್ಯನ ಸ್ವಭಾವ ನೋಡಿ, ಒಂದು ಕಡೆ ಕೆಲಸಕ್ಕೆ ಬಂದದ್ದನ್ನು ಎಲ್ಲ ಕಡೆಗೂ ಹಚ್ಚಿಕೊಂಡು ಕೂರುತ್ತಾನೆ. ಮೇಷ್ಟ್ರ ಮನೆಯಲ್ಲೂ ಯಾವ ಕೆಟ್ಟದ್ದನ್ನೂ ಅದರ ಹೆಸರಿಂದ ಕರೆಯುವಂತಿರಲಿಲ್ಲ. ಅವರ ಹೆಂಡತಿ ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದರು. ಸಂಜೆ ಮನೆಗೆ ಬಂದು ಯಾರದೋ ಕಾಯಿಲೆಯ ಮಾತೆತ್ತಿದರೆ, "ಬಾಯಿ ಮುಚ್ಚೇ, ಮನೇಲಿ ಆ ಮಾತು ಬೇಡ" ಎಂದು ಮೇಷ್ಟ್ರು ಗದರುತ್ತಿದ್ದರು. ಆ ಹೆಂಗಸು ಗದರಿಸಿಕೊಂಡು ಗದರಿಸಿಕೊಂಡು ಮಾತನ್ನು ನುಂಗುವುದರಲ್ಲಿ ಪಳಗಿಹೋಗಿದ್ದರು.

ಇಂಥ ಮನೆಯಲ್ಲಿ ಒಬ್ಬನೇ ಮಗ, ಹದಿನೇಳು ವರ್ಷದವನು. ಚಿಕ್ಕಂದಿನಿಂದ ಅವನಿಗೆ ಮೀನಿನ ಹುಚ್ಚು. ಕೋಣೆಯ ಮೇಜಿನ ಮೇಲೆ ದೊಡ್ಡ ಗಾಜಿನ ತೊಟ್ಟಿ, ಒಳಗೆ ಹಸಿರು ಗಿಡ, ಬಣ್ಣದ ಮೀನು, ಹಗಲೂ ರಾತ್ರಿ ಗುಳುಗುಳು ಅನ್ನುವ ಗಾಳಿ ಮೋಟಾರು. ಆ ಸದ್ದಿಗೆ ಮೇಷ್ಟ್ರು ಮೈ ಪರಚಿಕೊಳ್ಳುತ್ತಿದ್ದರು. ಆ ವರ್ಷ ಹುಡುಗ ಏನೋ ಬದಲಾಗಿದ್ದ. ಎರಡು ವಿಷಯದಲ್ಲಿ ಫೇಲಾದ. ಗೆಳೆಯರು ಮನೆಗೆ ಬರುವುದು ನಿಂತಿತು. ಊಟದ ತಟ್ಟೆ ಹಾಗೇ ವಾಪಸ್ಸು ಬರುತ್ತಿತ್ತು, ರಾತ್ರಿ ನಿದ್ದೆಯಿಲ್ಲ, ಹಗಲು ಹಾಸಿಗೆ ಬಿಡುವುದಿಲ್ಲ. ಮೇಷ್ಟ್ರು ಇದಕ್ಕೆ ಇಟ್ಟ ಹೆಸರು ಕೊಬ್ಬು. ಅಪ್ಪ ಮಗನ ನಡುವೆ ದಿನ ಬೆಳಗಾದರೆ ಜಗಳ. ಒಂದು ದಿನ ಜಗಳ ಏರಿ, "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ ಅಲ್ವಾ?" ಅಂದ ಮಗ. "ಹೌದು ಕಣೋ, ಕಾಲು ಚಾಚಿ ಮಲಗ್ತೀನಿ," ಅಂದರು ಮೇಷ್ಟ್ರು. ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಲೋಟ ಜಾರಿತು. ಅದಕ್ಕೂ ಬೈಗುಳ ಬಿತ್ತು.

ಆಮೇಲೆ ಸ್ವಲ್ಪ ದಿನಕ್ಕೆ ಹುಡುಗ ತಣ್ಣಗಾದ. ಎದುರು ಮಾತಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ಅಮ್ಮನ ಜೊತೆ ಕೂತು ತರಕಾರಿ ಹೆಚ್ಚಿಕೊಟ್ಟ. ಒಂದು ಸಂಜೆ ಮೇಷ್ಟ್ರು ಮನೆಗೆ ಬಂದರೆ ಗುಳುಗುಳು ಸದ್ದಿಲ್ಲ. ಮೀನು, ತೊಟ್ಟಿ, ಮೋಟಾರು ಎಲ್ಲವನ್ನೂ ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟಿದ್ದ. "ಇನ್ನು ನನಗೆ ಬೇಡಪ್ಪ, ಅವರು ಚೆನ್ನಾಗಿ ನೋಡ್ಕೋತಾರೆ," ಅಂದ, ನಗುತ್ತಲೇ ಅಂದ. ಮೇಷ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಬೈದರೆ ಬುದ್ಧಿ ಬರುವುದಿಲ್ಲ ಅಂದವರು ಯಾರು?

ಇನ್ನು ಟೈಲರಮ್ಮನ ವಿಷಯ. ಐವತ್ತು ದಾಟಿದ ಹೆಂಗಸು, ಬಟ್ಟೆ ಹೊಲಿಯುವ ಸ್ವಂತ ಅಂಗಡಿ. ಮೇಷ್ಟ್ರ ಜೀವಮಾನದಲ್ಲೇ ಅಷ್ಟು ಕೆಟ್ಟ ವಿದ್ಯಾರ್ಥಿ ಸಿಕ್ಕಿರಲಿಲ್ಲ. ವರ್ಷಾನುಗಟ್ಟಲೆ ಹೊಲಿಗೆ ಯಂತ್ರ ತುಳಿದ ಕಾಲು, ಆಕ್ಸಿಲರೇಟರನ್ನೂ ಹಾಗೇ ತುಳಿಯುತ್ತಿತ್ತು, ಒತ್ತಿ ಬಿಟ್ಟು, ಒತ್ತಿ ಬಿಟ್ಟು. ಕಾರು ಬಿಕ್ಕಳಿಕೆ ಬಂದವರ ಹಾಗೆ ಹೋಗುತ್ತಿತ್ತು. "ಇದೇನು ಲಂಗ ಹೊಲೀತಿದ್ದೀರಾ?" ಎಂದು ಮೇಷ್ಟ್ರು ಕಿರುಚಿದರೆ, "ನಿಮ್ಮ ಬಾಯಿ ಹೊಲಿಯೋಕೆ ಬರಲ್ವಲ್ಲ ಅಂತ ಬೇಜಾರು," ಎನ್ನುತ್ತಿದ್ದರು ಆಕೆ. ಉಳಿದವರು ಬೈಸಿಕೊಂಡರೆ ಅಳುತ್ತಾರೆ, ಇಲ್ಲ ಬಿಟ್ಟು ಹೋಗುತ್ತಾರೆ. ಈಕೆ ಅಳಲಿಲ್ಲ, ಬಿಡಲೂ ಇಲ್ಲ. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿರಲಿಲ್ಲ. ಹಲ್ಲು ಕಡಿದುಕೊಂಡು ದಿನಾ ಬೆಳಗ್ಗೆ ಆಕೆಯ ಪಕ್ಕ ಕೂರುತ್ತಿದ್ದರು.

ಇಬ್ಬರ ಜಗಳ ಕಾರಿನಿಂದ ಹೊರಗೆ ಬಂದದ್ದು ಮಗನ ಕಾಲೇಜಿನಲ್ಲಿ. ಹೆತ್ತವರ ಸಭೆ, ತಪ್ಪದೆ ಬರಬೇಕು ಎಂದು ಹೆಂಡತಿಯ ಫೋನಿಗೆ ಕರೆ ಬಂದಿತ್ತು. "ನನಗೆ ಡ್ಯೂಟಿ ಇದೆ, ನೀವೇ ಹೋಗಿ ಬನ್ನಿ," ಎಂದು ಹೆಂಡತಿ ಅದೇಕೋ ಪಟ್ಟು ಹಿಡಿದರು. ಮೇಷ್ಟ್ರು ಗೊಣಗಿಕೊಂಡು ಹೋದರು. ಸಭಾಂಗಣದ ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಹರೆಯದ ಮಕ್ಕಳು ಮತ್ತು ಆತ್ಮಹತ್ಯೆ, ಹೆತ್ತವರು ತಿಳಿಯಬೇಕಾದದ್ದು. ಆ ಪದ ನೋಡಿದ್ದೇ ಮೇಷ್ಟ್ರ ತಲೆ ಗಿರ್ರೆಂದಿತು. ಮಕ್ಕಳು ಓಡಾಡುವ ಜಾಗದಲ್ಲಿ ಇಂಥ ಮಾತನ್ನು ಬರೆಯುತ್ತಾರಾ? ಇವರಿಗೇನು ಬುದ್ಧಿ ಮಂಕಾಗಿದೆಯಾ?

ವೇದಿಕೆಯ ಮೇಲೆ ಇಬ್ಬರಿದ್ದರು. ಒಬ್ಬರು ಮನೋವೈದ್ಯೆ. ಇನ್ನೊಬ್ಬರು ಟೈಲರಮ್ಮ.

ಮೇಷ್ಟ್ರು ಕಣ್ಣುಜ್ಜಿಕೊಂಡು ನೋಡಿದರು. ಅದೇ ಹೆಂಗಸು, ಬೆಳಗ್ಗೆ ತಾನೇ ರಿವರ್ಸ್ ಗೇರ್ ಹಾಕಿ ಪೋಸ್ಟ್ ಡಬ್ಬಕ್ಕೆ ಗುದ್ದಲು ಹೋಗಿದ್ದವಳು.

ಟೈಲರಮ್ಮ ಮೈಕನ್ನು ಕತ್ತರಿ ಹಿಡಿದ ಹಾಗೆ ಬಿಗಿಯಾಗಿ ಹಿಡಿದುಕೊಂಡು ಮಾತಾಡಿದರು. "ನನ್ನ ಮಗ ಹೋಗಿಬಿಟ್ಟ. ಹೇಗೆ ಅಂತ ಕೇಳ್ಬೇಡಿ, ಹೇಳಲ್ಲ. ನನಗೆ ಅನುಮಾನ ಬಂದಿತ್ತು. ಆದ್ರೆ ಕೇಳಿದ್ರೆ ಎಲ್ಲಿ ಇಲ್ಲದ ಯೋಚನೆ ತುಂಬಿದ ಹಾಗಾಗತ್ತೋ ಅಂತ ಹೆದರಿ ಕೇಳ್ಲಿಲ್ಲ. ನಿಮಗೆ ಹೇಳೋದು ಇಷ್ಟೇ. ಮಕ್ಕಳ ಮೇಲೆ ಅನುಮಾನ ಬಂದ್ರೆ ಸುತ್ತಿ ಬಳಸಿ ಮಾತಾಡ್ಬೇಡಿ. ಸಾಯ್ಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರು ಎದ್ದೇ ನಿಂತರು.

"ಏನಮ್ಮಾ, ಬುದ್ಧಿ ಇದ್ದು ಮಾತಾಡ್ತಿದ್ದೀರಾ? ಕಾರಲ್ಲಿ ನಿಮಗೆ ದಿನಾ ಏನು ಹೇಳ್ಕೊಡ್ತಿದ್ದೀನಿ ನಾನು? ಗುಂಡಿ ಅಂದ್ರೆ ಏನಾಗತ್ತೆ? ಹೇಳಿ ಎಲ್ಲರಿಗೂ!"

ಟೈಲರಮ್ಮನ ಮುಖ ಕೆಂಪಾಯಿತು. "ಇದು ಕಾರಲ್ಲ ಮೇಷ್ಟ್ರೇ."

"ಎಲ್ಲಾ ಒಂದೇ!" ಮೇಷ್ಟ್ರು ಸಭೆಯ ಕಡೆ ತಿರುಗಿದರು. ನಿಯಮವನ್ನು ಚೊಕ್ಕವಾಗಿ ವಿವರಿಸಿದರು, ಕಂಬದ ಕಥೆ ಹೇಳಿದರು. ಹೆಸರು ಹೇಳಿದರೆ ಕಣ್ಣು ಅತ್ತ ಹೋಗುತ್ತದೆ, ಕಣ್ಣು ಹೋದರೆ ಗಾಡಿ ಹೋಗುತ್ತದೆ. "ಮಗು ನೆಟ್ಟಗೆ ಹೋಗ್ತಿರತ್ತೆ. ನೀವು ಪಕ್ಕದಲ್ಲಿ ಕೂತ್ಕೊಂಡು ಸಾವು, ಸಾವು ಅಂದ್ರೆ? ಅಪ್ಪ ಅಮ್ಮ ಆದವರು ದಾರಿ ತೋರಿಸ್ಬೇಕು, ಗುಂಡಿ ತೋರಿಸೋದಲ್ಲ!"

ಜನ ಚಪ್ಪಾಳೆ ಹೊಡೆದರು. ಅಲ್ಲಿ ಕೂತ ಅಪ್ಪಂದಿರು ಅಮ್ಮಂದಿರಿಗೆಲ್ಲ ಬೇಕಾಗಿದ್ದದ್ದು ಇದೇ. ಮನೆಗೆ ಹೋಗಿ ಮಗನ ಮುಖ ನೋಡಿ ಆ ಪ್ರಶ್ನೆ ಕೇಳುವ ಕಷ್ಟದಿಂದ ಒಬ್ಬ ಬಾಯಿಬಡುಕ ಅವರನ್ನು ಪಾರು ಮಾಡಿದ್ದ. ಮನೋವೈದ್ಯೆ ಎದ್ದು, "ಕೇಳೋದ್ರಿಂದ ಯೋಚನೆ ಬರಲ್ಲ. ಬಂದಿದ್ರೆ ಮೊದಲೇ ಬಂದಿರತ್ತೆ, ಕೇಳಿದ್ರೆ ಅವರ ಭಾರ ಇಳಿಯತ್ತೆ. ಇದು ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ ವಿಷಯ," ಎಂದು ಹೇಳುವಷ್ಟರಲ್ಲಿ ಕುರ್ಚಿಗಳು ಸರಿಯತೊಡಗಿದ್ದವು. ಟೈಲರಮ್ಮ ವೇದಿಕೆಯ ಮೇಲೆ ಮೈಕು ಹಿಡಿದೇ ನಿಂತಿದ್ದರು. ಮೇಷ್ಟ್ರು ಆಕೆಯನ್ನು ನೋಡಿ ಮೀಸೆ ತಿರುವಿಕೊಂಡು ಹೊರಟರು. ಅಷ್ಟು ಸಣ್ಣ ಮನುಷ್ಯ ಅವರು ಆ ದಿನ.

ಮರುದಿನ ಬೆಳಗ್ಗೆ ಆಕೆ ಬರುವುದಿಲ್ಲ ಎಂದುಕೊಂಡಿದ್ದರು. ನೋಡಿದರೆ ಟೈಲರಮ್ಮ ಕುಂಟು ಬೆಂಚಿನ ಮೇಲೆ ಆಗಲೇ ಬಂದು ಕೂತಿದ್ದರು.

"ಓಹೋ, ಭಾಷಣದವರು ಬಂದ್ರು," ಅಂದರು ಮೇಷ್ಟ್ರು.

"ಕಲಿಯೋಕೆ ಬಂದಿದ್ದೀನಿ. ಕಲಿಸಿ, ಬಾಯಿ ಮುಚ್ಚಿಕೊಂಡು."

ಕಾರು ಬಿಕ್ಕಳಿಸುತ್ತ ಹೊರಟಿತು. ಗೆದ್ದವರಿಗೆ ಸುಮ್ಮನಿರಲು ಆಗುವುದಿಲ್ಲ. ದೊಡ್ಡ ರಸ್ತೆ ಸೇರುವ ಮೊದಲೇ ಮೇಷ್ಟ್ರು ಶುರು ಮಾಡಿದರು. "ನಮ್ಮನೇಲೂ ಒಬ್ಬ ಇದ್ದಾನೆ. ಎಗರಾಡ್ತಿದ್ದ. ಊಟ ಇಲ್ಲ, ನಿದ್ದೆ ಇಲ್ಲ, ನಾನಿಲ್ಲದಿದ್ರೆ ಆರಾಮ ಅಲ್ವಾ ಅಂತ ಡೈಲಾಗ್ ಬೇರೆ. ನಿಮ್ಮ ಹಾಗೆ ಗಡಗಡ ನಡುಗಲಿಲ್ಲ ನಾನು. ಹೌದು ಕಣೋ ಆರಾಮ ಅಂದೆ. ಈಗ ನೋಡಿ, ಹುಡುಗ ಬೆಣ್ಣೆ! ಪ್ರಾಣದ ಹಾಗಿದ್ದ ಮೀನಿನ ತೊಟ್ಟೀನೂ ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟ. ನಗ್ತಾ ಕೊಟ್ಟ. ದಾರಿಗೆ ಬಂದ."

ಟೈಲರಮ್ಮ ಕನ್ನಡಿ ನೋಡಿದರು, ಸೂಚನೆ ದೀಪ ಹಾಕಿದರು, ಗೇರ್ ಇಳಿಸಿ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಒಂದು ಜರ್ಕಿಲ್ಲ. ಮೇಷ್ಟ್ರ ಕಾಲು ತನ್ನ ಬ್ರೇಕಿನ ಮೇಲೆ ಸುಮ್ಮನೆ ಕೂತಿತ್ತು. ಆಕೆ ಎಂಜಿನ್ ಆರಿಸಿ ಕೀಲಿ ಕಿತ್ತುಕೊಂಡರು.

"ಮನೆಗೆ ಹೋಗಿ."

"ಏನು?"

"ಈಗ್ಲೇ ಮನೆಗೆ ಹೋಗಿ. ನನ್ನ ಮಗ ಅವನ ಕ್ಯಾಮೆರಾನ ಗೆಳೆಯನಿಗೆ ಕೊಟ್ಟ. ಅದನ್ನ ಯಾರೂ ಮುಟ್ಟೋ ಹಾಗಿರಲಿಲ್ಲ, ನಗ್ತಾ ಕೊಟ್ಟ. ಎಲ್ಲರ ಹತ್ತಿರ ನಗ್ತಾ ಮಾತಾಡ್ದ. ನಾನು ಅಂಗಡಿಗೆ ಬಂದವರಿಗೆಲ್ಲ ಹೇಳ್ಕೊಂಡೆ, ಮಗ ದಾರಿಗೆ ಬಂದ ಅಂತ. ಇದೇ ಮಾತು ಮೇಷ್ಟ್ರೇ. ನೀವೀಗ ಆಡಿದ್ರಲ್ಲ, ಇದೇ ಮಾತು."

ಮೇಷ್ಟ್ರ ಎದೆ ಧಸಕ್ಕೆಂದಿತು. ಆದರೆ ಅವರ ಎದೆಗೂ ಬಾಯಿಗೂ ಸಂಬಂಧ ಕಡಿದು ಬಹಳ ಕಾಲವಾಗಿತ್ತು. ಬಾಯಿ ತನ್ನ ಪಾಡಿಗೆ ತಾನು ಹೊಲಸು ಹೊರಹಾಕಿತು. "ನಿಮ್ಮ ಮಗನ್ನ ನೀವು ಸರಿಯಾಗಿ ನೋಡ್ಕೊಳ್ಲಿಲ್ಲ. ಈಗ ನನ್ನ ಮಗನ ಮೇಲೆ ಕಣ್ಣು ಹಾಕ್ತೀರಾ?"

ಒಂದು ಬಸ್ಸು ಪಕ್ಕದಲ್ಲೇ ಹಾದುಹೋಗಿ ಕಾರು ಅಲ್ಲಾಡಿತು. ಟೈಲರಮ್ಮ ಅಳಲಿಲ್ಲ. ಮೇಷ್ಟ್ರನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಕರುಣೆ ಗಿರುಣೆ ಏನೂ ಇರಲಿಲ್ಲ, ಅಪ್ಪಟ ದ್ವೇಷವಿತ್ತು.

"ನೋಡ್ಕೊಳ್ಲಿಲ್ಲ. ಸರಿ. ನೀವು ನೋಡ್ಕೊಳ್ಳಿ. ಅದೇನೋ ನಿಯಮ ಹೇಳ್ತೀರಲ್ಲ, ಗುಂಡಿ ಅನ್ಬಾರ್ದು ಅಂತ. ರಸ್ತೆ ಮೇಲೆ ಇರೋರಿಗೆ ಅದು. ನಿಮ್ಮ ಹುಡುಗ ರಸ್ತೆ ಮೇಲಿಲ್ಲ, ಆಗ್ಲೇ ಒಳಗೆ ಬಿದ್ದಿದ್ದಾನೆ. ಒಳಗೆ ಬಿದ್ದವನ ಹತ್ತಿರ ಗುಂಡಿ ಅಂದ್ರೆ ಅವನಿಗೇನು ಹೊಸದಾಗಿ ಗೊತ್ತಾಗ್ಬೇಕಾ? ಮೇಲೆ ಯಾರೋ ಬಗ್ಗಿ ನೋಡಿದ್ರು ಅನ್ನೋದು ಗೊತ್ತಾಗತ್ತೆ, ಅಷ್ಟೇ."

ಕೀಲಿಯನ್ನು ಮೇಷ್ಟ್ರ ಮಡಿಲಿಗೆ ಎಸೆದು, ಬಾಗಿಲು ತೆಗೆದು, ಇಳಿದು ನಡೆದೇಬಿಟ್ಟರು.

ಮೇಷ್ಟ್ರು ಮಗನಿಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಕಾರು ತಿರುಗಿಸುವಾಗ ಅವರ ಕೈ ಗೇರ್ ತಪ್ಪಿತು. ದಾರಿಯಲ್ಲಿ ಯಾರು ಹಾರ್ನ್ ಬಾರಿಸಿದರೋ, ಯಾರು ಬೈದರೋ, ಅವರಿಗೆ ಒಂದೂ ಕೇಳಿಸಲಿಲ್ಲ. ತಾನು ಅಂದ ಮಾತೊಂದೇ ಕಿವಿಯಲ್ಲಿ ಕುಟ್ಟುತ್ತಿತ್ತು: ಕಾಲು ಚಾಚಿ ಮಲಗ್ತೀನಿ, ಕಾಲು ಚಾಚಿ ಮಲಗ್ತೀನಿ. ಮನೆಯ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿದರು. ಬಾಗಿಲು ದಬ್ಬಿದರೆ ತೆರೆದುಕೊಂಡಿತು.

ಮಗ ಕೋಣೆಯಲ್ಲಿದ್ದ. ಹಾಸಿಗೆಯ ಮೇಲೆ ಬಟ್ಟೆಗಳನ್ನು ಮಡಿಸಿ ಜೋಡಿಸುತ್ತಿದ್ದ. ಫೋನು ಅಡುಗೆಮನೆಯಲ್ಲಿ ಬಿದ್ದಿತ್ತು. ಕೋಣೆ ಎಂದೂ ಇಲ್ಲದಷ್ಟು ಚೊಕ್ಕಟವಾಗಿತ್ತು, ತೊಟ್ಟಿ ಇದ್ದ ಮೇಜು ಬೋಳಾಗಿತ್ತು. ಹುಡುಗ ಕಣ್ಣೆದುರೇ ನಿಂತಿದ್ದರೂ ಮೇಷ್ಟ್ರು ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಊಟ ಆಯ್ತಾ?"

ಮಗ ವಿಚಿತ್ರವಾಗಿ ನೋಡಿದ. "ಈಗಿನ್ನೂ ಬೆಳಗ್ಗೆ, ಅಪ್ಪ."

"ಫೋನಿಗೆ ಚಾರ್ಜ್ ಇದೆಯಾ?"

"ಇದೆ. ಡ್ರೈವಿಂಗ್ ಕ್ಲಾಸ್ ಇಲ್ವಾ ನಿನಗೆ?"

ಇಡೀ ಊರಿಗೆ ಬಾಯಿಗೆ ಬಂದಂತೆ ಬೈಯುವ ಮನುಷ್ಯ, ಮಗನಿಗೆ ಕೇಳಬೇಕಾದ ಒಂದು ಮಾತು ತುಟಿಗೆ ಬರುವುದಿಲ್ಲ. ಕೇಳಿದರೆ ಅದೇ ನಿಜವಾದರೆ? ಕೇಳಿದ್ದರಿಂದಲೇ ನಿಜವಾದರೆ? ಅವರಿಗೆ ಭಯವಾಯಿತು, ಬೆವರು ಕಿತ್ತುಬರುವಂಥ ಭಯ. ಕೊನೆಗೆ ಮಾತು ಬಂತು. ಬೈಗುಳದ ಧ್ವನಿಯಲ್ಲೇ ಬಂತು, ಬೇರೆ ಧ್ವನಿ ಅವರ ಹತ್ತಿರ ಇರಲಿಲ್ಲ.

"ಸಾಯ್ಬೇಕು ಅನ್ನಿಸ್ತಿದೆಯೇನೋ ನಿನಗೆ?"

ಹುಡುಗನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು.

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನೇ ಕೇಳ್ತಿದ್ದೀನಿ. ಹೌದೋ, ಅಲ್ವೋ?"

"ಹೌದು."

ಆಮೇಲೆ ಅವನ ಮುಖದ ಆ ತಣ್ಣನೆಯ ನಗು ಒಡೆದುಹೋಗಿ ಒಳಗಿದ್ದದ್ದೆಲ್ಲ ಹೊರಗೆ ಬಂತು. "ಈಗ ಬಂದ್ಯಾ ಕೇಳೋಕೆ? ಇಷ್ಟು ದಿನ ಎಲ್ಲಿದ್ದೆ? ನೀನೇ ಅಂದ್ಯಲ್ಲ, ನಾನಿಲ್ಲದಿದ್ರೆ ಆರಾಮ ಅಂತ. ಕಾಲು ಚಾಚಿ ಮಲಗ್ತೀನಿ ಅಂದ್ಯಲ್ಲ. ಹೋಗು, ಮಲಕ್ಕೋ ಹೋಗು!" ಮಡಿಸಿದ ಬಟ್ಟೆಗಳನ್ನೆಲ್ಲ ಎತ್ತಿ ಅಪ್ಪನ ಮುಖಕ್ಕೆ ಎಸೆದ. ಎದೆಗೆ ಗುದ್ದಿದ. ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಬೈದ, ಅಪ್ಪನಿಂದಲೇ ಕಲಿತ ಬೈಗುಳವನ್ನೆಲ್ಲ ಅಪ್ಪನ ಮೇಲೇ ಸುರಿದ.

ಮೇಷ್ಟ್ರು ಜೀವನದಲ್ಲಿ ಎದುರುತ್ತರ ಕೊಡದೆ ಬೈಸಿಕೊಂಡದ್ದು ಅದೇ ಮೊದಲು. ಮಗ ಸುಸ್ತಾಗಿ ನೆಲದ ಮೇಲೆ ಕುಸಿದಾಗ ಅವರೂ ಎದುರಿಗೆ ಕುಸಿದು ಕೂತರು.

"ಸುಳ್ಳು ಹೇಳಿದೆ ಕಣೋ. ಸಿಟ್ಟಲ್ಲಿ ಸುಳ್ಳು ಹೇಳಿದೆ. ನೀನಿಲ್ಲದಿದ್ರೆ ನಾನು ಹೇಗೋ ಮಲಗ್ಲಿ?"

ಇಬ್ಬರೂ ಅತ್ತರು. ಚಂದವಾಗಿ ಅಳಲಿಲ್ಲ, ಮೂಗು ಸುರಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಅತ್ತರು. ಆಮೇಲೆ ಮೇಷ್ಟ್ರು ಇನ್ನೂ ಒಂದು ಕೇಳಿದರು: "ಅದಕ್ಕೆ ಅಂತ ಏನಾದ್ರೂ ಯೋಚನೆ ಮಾಡಿ ಇಟ್ಕೊಂಡಿದ್ದೀಯಾ?" ಹುಡುಗ ಹೇಳಿದ. ಏನು, ಎಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಯಾರಿಗೂ ಬೇಕಾದ ಮಾಹಿತಿಯಲ್ಲ. ಮೇಷ್ಟ್ರ ಫೋನು ಬಂದ ತಕ್ಷಣ ಹೆಂಡತಿ ಆಸ್ಪತ್ರೆಯಿಂದ ಓಡಿಬಂದರು, ಮೊದಲು ಹುಡುಗ ಇಟ್ಟುಕೊಂಡಿದ್ದದ್ದನ್ನು ಮನೆಯಿಂದ ಸಾಗಹಾಕಿದರು. ಆಮೇಲೆ ಗಂಡನ ಎದುರು ಬಂದು ನಿಂತರು. ನುಂಗಿ ನುಂಗಿ ಇಟ್ಟುಕೊಂಡಿದ್ದದ್ದು ಅವತ್ತು ಹೊರಗೆ ಬಂತು.

"ನನಗೆ ಅನುಮಾನ ಇತ್ತು ರೀ. ಅದಕ್ಕೇ ನಿಮ್ಮನ್ನ ಆ ಸಭೆಗೆ ಕಳಿಸಿದ್ದು. ನನ್ನ ಬಾಯಿಂದ ಬಂದ್ರೆ ನೀವು ಕೇಳಲ್ಲ, ಬೇರೆಯವರಾದ್ರೂ ಹೇಳ್ಲಿ ಅಂತ. ನೀವು ಅಲ್ಲಿಗೆ ಹೋಗಿ ಚಪ್ಪಾಳೆ ತಗೊಂಡು ಬಂದ್ರಿ. ನಿಮಗೆ ಹೆದರಿ ಸುಮ್ನಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. ಇನ್ಮೇಲೆ ಈ ಮನೇಲಿ ನನ್ನ ಬಾಯಿ ಮುಚ್ಚಿಸೋಕೆ ಬಂದ್ರೆ ನೋಡಿ!"

ಮೇಷ್ಟ್ರು ನೋಡಲೂ ಇಲ್ಲ, ತಲೆ ತಗ್ಗಿಸಿಕೊಂಡೇ ಕಾರಿನ ಕೀಲಿ ಎತ್ತಿಕೊಂಡರು. ಸಭೆಯಲ್ಲಿ ಯಾರ ಮಾತು ಮುಗಿಯುವ ಮೊದಲೇ ಎದ್ದು ಬಂದಿದ್ದರೋ ಅದೇ ಮನೋವೈದ್ಯೆಯ ಹತ್ತಿರ ಅವತ್ತೇ ಹೋದರು. ಅಮ್ಮ ಮಗ ಹಿಂದಿನ ಸೀಟಿನಲ್ಲಿ ಕೂತಿದ್ದರು. ವೈದ್ಯೆಗೆ ಅವರ ಗುರುತು ಸಿಕ್ಕಿತು, ಆದರೆ ಆ ಮಾತೆತ್ತಲಿಲ್ಲ. ಮಗನ ಜೊತೆ ಒಬ್ಬರೇ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದು, ಇದು ಕಾಯಿಲೆ, ಔಷಧಿಯಿದೆ, ಮಾತಾಡುವ ಚಿಕಿತ್ಸೆಯಿದೆ, ಸದ್ಯಕ್ಕೆ ಒಬ್ಬನನ್ನೇ ಬಿಡಬೇಡಿ ಎಂದರು.

"ನಾನು ಬೈದಿದ್ದಕ್ಕೆ ಹೀಗಾಯ್ತಾ?" ಎಂದು ಮೇಷ್ಟ್ರು ಕೇಳಿದರು.

"ಒಂದೇ ಕಾರಣ ಅಂತ ಇರಲ್ಲ," ಅಂದರು ವೈದ್ಯೆ. "ಆದ್ರೆ ಬೈಯೋದು ನಿಲ್ಲಿಸಿ."

ಬೈಯುವುದು ನಿಂತಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕಡಿಮೆಯಾಯಿತು. ಟೈಲರಮ್ಮ ಒಂದು ವಾರ ಬರಲಿಲ್ಲ, ಆಮೇಲೆ ಒಂದು ಬೆಳಗ್ಗೆ ಅದೇ ಬೆಂಚಿನ ಮೇಲೆ ಕಂಡರು. ಇಬ್ಬರೂ ಕಾರು ಹತ್ತಿದರು. ಕಾರು ದೊಡ್ಡ ರಸ್ತೆ ಸೇರಿತು.

"ಕೇಳಿದೆ," ಅಂದರು ಮೇಷ್ಟ್ರು. "ಹೌದು ಅಂದ. ಈಗ ಡಾಕ್ಟರ ಹತ್ತಿರ ಹೋಗ್ತಿದ್ದೀವಿ. ನಿಮ್ಮಿಂದ..."

"ಸಾಕು. ಥ್ಯಾಂಕ್ಸ್ ಗೀಂಕ್ಸ್ ಹೇಳ್ಬೇಡಿ," ಅಂದರು ಟೈಲರಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮ ಮಗ ಉಳಿದ ಅಂತ ನನಗೆ ಸಂತೋಷ ಅಂದ್ಕೊಂಡ್ರಾ? ಹೊಟ್ಟೆ ಉರಿಯತ್ತೆ ಮೇಷ್ಟ್ರೇ. ನಿಮ್ಮಂಥವರ ಮನೇಲಿ ಹುಡುಗ ಉಳ್ಕೊಂಡ. ನನ್ನ ಮನೇಲಿ ಇಲ್ಲ. ನಾನು ಬೈದವಳೂ ಅಲ್ಲ, ಹೊಡೆದವಳೂ ಅಲ್ಲ. ಒಂದು ಮಾತು ಕೇಳ್ಲಿಲ್ಲ, ಅಷ್ಟೇ."

"ಸ್ವಲ್ಪ ಎಡಕ್ಕೆ ಬನ್ನಿ," ಅಂದರು ಮೇಷ್ಟ್ರು. ಆಕೆ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ಪಾಸಾದರು. ಕೊನೆಯ ದಿನ ಹೋಗುವಾಗಲೂ ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ. ಅವರ ಮೇಲಿನ ಆಕೆಯ ದ್ವೇಷ ಹಾಗೇ ಉಳಿಯಿತು. ಅದನ್ನು ಬಿಟ್ಟುಬಿಡಿ ಎಂದು ಕೇಳುವ ಹಕ್ಕು ತಮಗಿದೆ ಎಂದು ಮೇಷ್ಟ್ರಿಗೆ ಅನ್ನಿಸಲೂ ಇಲ್ಲ.

ಮನೆಯಲ್ಲಿ ಮಾತ್ರ ಹೊಸ ಜಗಳ ಶುರುವಾಗಿತ್ತು. ಮೇಷ್ಟ್ರು ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಗನ ಕೋಣೆಗೆ ಹೋಗಿ ಕೇಳುತ್ತಿದ್ದರು: "ಇವತ್ತು ಅನ್ನಿಸ್ತಿದೆಯಾ?" ಹಲ್ಲುಜ್ಜಿದೆಯಾ ಎಂದು ಕೇಳುವ ಧಾಟಿ. ವೈದ್ಯೆ ಇಷ್ಟು ಒರಟಾಗಿ ಕೇಳಿ ಎಂದು ಹೇಳಿಕೊಟ್ಟಿರಲಿಲ್ಲ. ಹುಡುಗ ರೇಗುತ್ತಿದ್ದ. "ಬೆಳಗಾದ್ರೆ ಇದೇ ಶುರು ನಿಂದು! ದಿನಾ ತಲೆ ತಿನ್ಬೇಡಪ್ಪ!"

"ತಿಂತೀನಿ. ಬೈಕೋ ನೀನು. ಅನ್ನಿಸ್ತಿದೆಯಾ, ಇಲ್ವಾ?"

"ಇಲ್ಲ ಮಾರಾಯ, ಇಲ್ಲ! ಹೋಗು ಕೆಲಸಕ್ಕೆ!"

ಹೀಗೆ ತಿಂಗಳುಗಳು ಕಳೆದವು. ಹುಡುಗ ಫೇಲಾದ ವಿಷಯಗಳಲ್ಲಿ ಒಂದನ್ನು ಪಾಸು ಮಾಡಿಕೊಂಡ. ಹಳೆಯ ಗೆಳೆಯನೊಬ್ಬ ಮತ್ತೆ ಮನೆಗೆ ಬರತೊಡಗಿದ. ನಿದ್ದೆ ಹತ್ತುತ್ತಿತ್ತು. ಔಷಧಿ ತಪ್ಪಿಸುತ್ತಿರಲಿಲ್ಲ. ಹೆಂಡತಿ ರಜೆ ಮುಗಿಸಿ ಆಸ್ಪತ್ರೆಯ ಕೌಂಟರಿಗೆ ವಾಪಸ್ಸು ಹೋದರು. ಮೇಷ್ಟ್ರಿಗೂ ಧೈರ್ಯ ಬಂತು. ಧೈರ್ಯ ಬಂದ ಮೇಲೆ ಮರೆವೂ ಬಂತು.

ಒಂದು ಬೆಳಗ್ಗೆ ಟೈರ್ ಅಂಗಡಿಯವನು ತನ್ನ ಗಾಡಿಯನ್ನು ಡ್ರೈವಿಂಗ್ ಸ್ಕೂಲಿನ ಬಾಗಿಲಿಗೇ ಅಡ್ಡ ನಿಲ್ಲಿಸಿದ್ದಾನೆ ಎಂದು ಫೋನು ಬಂತು. ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ಕಲಿಯಲು ಬಂದವರು ಬೇರೆ ಕಾಯುತ್ತಿದ್ದರು. ಚಹಾ ಅರ್ಧಕ್ಕೇ ಬಿಟ್ಟು, ಅವನಿಗೆ ಏನೇನು ಬೈಯಬೇಕು ಎಂದು ಲೆಕ್ಕ ಹಾಕುತ್ತ, ಶೂ ಹಾಕಿಕೊಂಡು ಬಾಗಿಲು ತೆಗೆದರು. ಹಿಂದಿನಿಂದ ಮಗನ ಧ್ವನಿ ಬಂತು.

"ಅಪ್ಪ."

"ಏನೋ? ಹೊತ್ತಾಯ್ತು ನನಗೆ."

ಹುಡುಗ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕಣ್ಣು ನೆಲದ ಮೇಲಿತ್ತು.

"ಇವತ್ತು ಕೇಳ್ಲಿಲ್ಲ ನೀನು."

ಮೇಷ್ಟ್ರು ಬಾಗಿಲು ಮುಚ್ಚಿದರು. ಕೂತುಕೊಂಡು ಶೂ ಬಿಚ್ಚಿದರು.